ಎತ್ತಿಕೊಂಡು ಹೋಗುವ ಭೂಕೇಂದ್ರ: ಕೈಯಲ್ಲಿ ಹಿಡಿಯುವ ಯಾಗಿಯಿಂದ ಟ್ರೇಲರ್ ಡಿಷ್‌ವರೆಗೆ, ಯಾರಿಗೆ ಯಾವುದು?

2013ರ ಅಕ್ಟೋಬರ್ 28ಕ್ಕೆ ಹಾರಬೇಕಿದ್ದ ಮಂಗಳಯಾನ ಹಾರಿದ್ದು ನವೆಂಬರ್ 5ಕ್ಕೆ. ರಾಕೆಟ್ಟಿನಲ್ಲಿ ದೋಷವಿರಲಿಲ್ಲ. ಪಿಎಸ್‌ಎಲ್‌ವಿಯ ಮೂರನೇ ಹಂತ ಉರಿದು ಮುಗಿದ ಮೇಲೆ ನಾಲ್ಕನೆಯದು ಹೊತ್ತಿಕೊಳ್ಳುವ ಮುನ್ನ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಸುಮ್ಮನೆ ತೇಲಬೇಕಿತ್ತು. ಹೊತ್ತಿಕೊಳ್ಳುವ ಜಾಗ ದಕ್ಷಿಣ ಪೆಸಿಫಿಕ್ ಮೇಲೆ, ನೆಲದ ಮೇಲಿನ ಯಾವ ಕೇಂದ್ರಕ್ಕೂ ಕಾಣದ ಕಡೆ. ಅಲ್ಲಿ ಟೆಲಿಮೆಟ್ರಿ, ಅಂದರೆ ರಾಕೆಟ್ ತನ್ನ ಸ್ಥಿತಿ ತಿಳಿಸುತ್ತ ಕಳಿಸುವ ಸಿಗ್ನಲ್, ಹಿಡಿಯಲು ಇಸ್ರೋ ನಳಂದಾ ಮತ್ತು ಯಮುನಾ ಎಂಬ ಎರಡು ಹಡಗುಗಳ ಮೇಲೆ ಆಂಟೆನಾ ಹೊರಿಸಿ ಕಳಿಸಿತ್ತು. ಹವಾಮಾನ ಕೆಟ್ಟು ನಳಂದಾ ಫಿಜಿ ಮುಟ್ಟುವುದು ತಡವಾಯಿತು. ಉಡಾವಣೆಯೂ ಮುಂದೆ ಹೋಯಿತು.

ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ 32 ಮೀಟರ್ ಡಿಷ್ ಎಷ್ಟು ದೊಡ್ಡದಾದರೂ ಅದು ಬ್ಯಾಲಾಳುವಿನಲ್ಲೇ ಇರುತ್ತದೆ. ಎತ್ತಿಕೊಂಡು ಹೋಗುವ ಭೂಕೇಂದ್ರ, ಅಂದರೆ ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ ಮತ್ತು ರಿಸೀವರ್, ಬೇಕಾಗುವುದು ಸಿಗ್ನಲ್ ಬೇರೆ ಕಡೆ ಇಳಿಯುವಾಗ. ಕಾಲೇಜಿನ ಕ್ಯೂಬ್‌ಸ್ಯಾಟ್ (ಪುಟ್ಟ ಪೆಟ್ಟಿಗೆಯಂಥ ಉಪಗ್ರಹ) ತಂಡ, ಹ್ಯಾಮ್ (ಹವ್ಯಾಸಿ ರೇಡಿಯೋ) ಕ್ಲಬ್, ಹವಾಮಾನ ಚಿತ್ರ ಇಳಿಸುವವರು, ಸಣ್ಣ ರಾಕೆಟ್ ಹಾರಿಸುವ ಕಂಪನಿ, ಎಲ್ಲರೂ ಕೊನೆಗೆ ಎದುರಿಸುವ ಪ್ರಶ್ನೆ ಇದೇ: ಎಷ್ಟು ದೊಡ್ಡದನ್ನು ಕೊಳ್ಳಬೇಕು?

ನೇರವಾಗಿ ಹೇಳುವುದಾದರೆ, ಉಪಗ್ರಹ ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿದ್ದಾಗಲೂ ಅದರ ಜೊತೆಗಿನ ಲಿಂಕ್ ಕಡಿಯದಂತೆ ಹಿಡಿದಿಡಬಲ್ಲ ಅತಿ ಚಿಕ್ಕ ಆಂಟೆನಾ ಕೊಳ್ಳಿ. ಆಂಟೆನಾ ದೊಡ್ಡದಾದಂತೆ ಬೀಮ್ (ಅದು ಒಮ್ಮೆಗೆ ನೋಡುವ ಆಕಾಶದ ಅಗಲ) ಕಿರಿದಾಗುತ್ತದೆ, ಬೀಮ್ ಕಿರಿದಾದಂತೆ ಗುರಿ ನಿಖರವಾಗಬೇಕು, ಗುರಿ ನಿಖರವಾಗಬೇಕೆಂದರೆ ಬುಡ ಅಲುಗಬಾರದು, ಅಲುಗದ ಬುಡಕ್ಕೆ ತೂಕ ಬೇಕು, ಆ ತೂಕಕ್ಕೆ ಲಾರಿ ಬೇಕು. ಕೇಂದ್ರದ ಬೆಲೆ ಏರುವುದು ಈ ಸರಪಳಿಯಿಂದ. ಅದರಲ್ಲಿ ಡಿಷ್‌ನ ಪಾಲು ಸಣ್ಣದು.

ಮೊದಲು ಲೆಕ್ಕ, ಆಮೇಲೆ ಅಂಗಡಿ

500 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲಿದ್ದಾಗ ನಿಮ್ಮಿಂದ 500 ಕಿ.ಮೀ. ದೂರ. ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಸುಮಾರು 1,700 ಕಿ.ಮೀ., 5 ಡಿಗ್ರಿಯಲ್ಲಿ 2,080 ಕಿ.ಮೀ. ನೆತ್ತಿಗೂ 5 ಡಿಗ್ರಿಗೂ ನಡುವೆ ಸಿಗ್ನಲ್ 12 ಡಿಬಿ (ಡೆಸಿಬೆಲ್) ಬೀಳುತ್ತದೆ, ಅಂದರೆ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಉಪಗ್ರಹ ಒಮ್ಮೆ ನಮ್ಮ ಆಕಾಶ ಹಾಯುವುದೇ ಒಂದು ಪಾಸ್; ನೆತ್ತಿಯ ಮೇಲಿನ ಪಾಸ್‌ನಲ್ಲಿ ಚೆನ್ನಾಗಿ ಕೇಳಿಸಿತೆಂದು ನಂಬಿ ಕೊಂಡವರು ಮೋಸ ಹೋಗುವುದು ಇಲ್ಲೇ. ದಿನದ ಬಹುಪಾಲು ಪಾಸ್‌ಗಳು ನೆತ್ತಿಗೆ ಬರುವುದೇ ಇಲ್ಲ.

ಸಮಯದ ಲೆಕ್ಕವೂ ಹೀಗೇ. ನೆತ್ತಿಯ ಮೇಲೆ ಹಾಯುವ ಪಾಸ್ ದಿಗಂತದಿಂದ ದಿಗಂತಕ್ಕೆ ಹನ್ನೊಂದೂವರೆ ನಿಮಿಷ. 10 ಡಿಗ್ರಿ ಮೇಲಿನದ್ದನ್ನಷ್ಟೇ ಎಣಿಸಿದರೆ ಏಳೂವರೆ ನಿಮಿಷಕ್ಕೂ ಕಡಿಮೆ, ಸುಮಾರು 444 ಸೆಕೆಂಡ್. ಆ 444 ಸೆಕೆಂಡಿನಲ್ಲಿ ಸೆಕೆಂಡಿಗೆ 9,600 ಬಿಟ್‌ನಂತೆ ಇಳಿಯುವುದು ಹೆಚ್ಚೆಂದರೆ 530 ಕಿಲೋಬೈಟ್. 1 ಮೆಗಾಬಿಟ್ ಎಸ್-ಬ್ಯಾಂಡ್‌ನಲ್ಲಿ (2.2 ಗಿಗಾಹರ್ಟ್ಸ್ ಆಸುಪಾಸು) 55 ಮೆಗಾಬೈಟ್, 50 ಮೆಗಾಬಿಟ್ ಎಕ್ಸ್-ಬ್ಯಾಂಡ್‌ನಲ್ಲಿ (8.2 ಗಿಗಾಹರ್ಟ್ಸ್ ಆಸುಪಾಸು) 2.8 ಗಿಗಾಬೈಟ್. ಉಪಗ್ರಹದ ಆರೋಗ್ಯ ತಿಳಿಯಲು, ಅಂದರೆ ಬ್ಯಾಟರಿ ವೋಲ್ಟೇಜು, ಉಷ್ಣತೆ, ತಿರುಗುವ ವೇಗ ಇಷ್ಟಕ್ಕೆ, ಮೊದಲನೆಯದೇ ಧಾರಾಳ. ಚಿತ್ರ ಬೇಕಿದ್ದರೆ ಮಾತ್ರ ಮುಂದಿನವುಗಳ ಮಾತು.

ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. 437 ಮೆಗಾಹರ್ಟ್ಸ್‌ನಲ್ಲಿ ಅರ್ಧ ವಾಟ್ ಕೊಡುವ ಕ್ಯೂಬ್‌ಸ್ಯಾಟ್: 27 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್ ಲೆಕ್ಕ). ಅದರ ಆಂಟೆನಾ ಗೇನ್ (ಒಂದು ದಿಕ್ಕಿಗೆ ಸಿಗ್ನಲ್ ಬಲಪಡಿಸುವ ಅಳತೆ) ಸೊನ್ನೆ ಎಂದಿಟ್ಟುಕೊಳ್ಳಿ. 1,700 ಕಿ.ಮೀ. ದಾರಿಯಲ್ಲಿ 150 ಡಿಬಿ ನಷ್ಟ, ಧ್ರುವೀಕರಣ (ರೇಡಿಯೋ ಅಲೆ ಕಂಪಿಸುವ ದಿಕ್ಕು) ಹೊಂದದ್ದಕ್ಕೆ 3, ಗುರಿ ತಪ್ಪಿದ್ದಕ್ಕೆ 1. ನಮ್ಮ ಯಾಗಿ, ಅಂದರೆ ಕೋಲಿನ ಮೇಲೆ ಲೋಹದ ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಆಂಟೆನಾ, 12 ಡಿಬಿ ಮರಳಿ ಕೊಡುತ್ತದೆ. ಕೈಗೆ ಸಿಕ್ಕಿದ್ದು ಮೈನಸ್ 115 ಡಿಬಿಎಂ. ಸಿಗ್ನಲ್ಲನ್ನು ಮುಸುಕುವ ರೇಡಿಯೋ ಗದ್ದಲವನ್ನು ಉಷ್ಣತೆಯ ಲೆಕ್ಕದಲ್ಲಿ ಅಳೆಯುವುದು ವಾಡಿಕೆ; ಊರ ನಡುವೆ ಅದು ಒಟ್ಟು 600 ಕೆಲ್ವಿನ್ ಎಂದು ಹಿಡಿದರೆ 9,600 ಬಿಟ್‌ಗೆ ಬೇಕಾದ ಪಟ್ಟಿಯಲ್ಲಿ ಗದ್ದಲ ಮೈನಸ್ 131. ವ್ಯತ್ಯಾಸ 16 ಡಿಬಿ. ಸಿಗ್ನಲ್‌ನಿಂದ ಮಾಹಿತಿ ಬಿಡಿಸುವ ಡಿಕೋಡರ್ ಕೇಳುವುದು 11ರಿಂದ 13. ಉಳಿದ ಮಾರ್ಜಿನ್ ಮೂರರಿಂದ ಐದು ಡಿಬಿ, ಅಷ್ಟೇ.

ಈಗ ಆಂಟೆನಾದಿಂದ ಮೇಜಿನವರೆಗೆ 10 ಮೀಟರ್ ಆರ್‌ಜಿ-58 ಕೇಬಲ್ ಎಳೆದು, ಮಂಕು ಸಿಗ್ನಲ್ಲನ್ನು ಹಿಗ್ಗಿಸುವ ಪ್ರಿಆಂಪ್ಲಿಫೈಯರನ್ನು ಮೇಜಿನ ಮೇಲೆ ಇಟ್ಟರೆ? ಆ ಕೇಬಲ್ ಒಂದೇ ಮೂರು ಡಿಬಿಗೂ ಹೆಚ್ಚು ನುಂಗುತ್ತದೆ. ಮಾರ್ಜಿನ್ ಬಹುತೇಕ ಮುಗಿಯಿತು. ದೊಡ್ಡ ಯಾಗಿ ಕೊಳ್ಳಲು ಓಡಬೇಕಿಲ್ಲ. ಪ್ರಿಆಂಪನ್ನು, ಅಂದರೆ ಎಲ್‌ಎನ್‌ಎಯನ್ನು, ಆಂಟೆನಾದ ಬಾಯಲ್ಲೇ ಕಟ್ಟಿ. ಕೇಬಲ್ ಬದಲಿಸುವುದಾದರೆ ಎಲ್‌ಎಂಆರ್-400ರಲ್ಲಿ ಅದೇ 10 ಮೀಟರ್‌ಗೆ ನಷ್ಟ 1 ಡಿಬಿಯೊಳಗೆ. ಮೊದಲ ಪ್ರಿಆಂಪ್‌ನ ಮುಂದೆ, ಆಂಟೆನಾದ ಕಡೆ, ಬಂದ ಪ್ರತಿ ಡಿಬಿ ನಷ್ಟವೂ ಪೂರ್ತಿ ನಿಮ್ಮ ತಲೆಯ ಮೇಲೆ. ಅದರ ಹಿಂದೆ, ಮೇಜಿನ ಕಡೆ, ಬಂದದ್ದು ಹೆಚ್ಚುಕಡಿಮೆ ಪುಕ್ಕಟೆ.

ಆಯ್ಕೆಗಳು ಒಂದೇ ನೋಟಕ್ಕೆ

| ಬಗೆ | ಬೀಮ್ ಅಗಲ | ಸಾಗಿಸಲು | ನಿಲ್ಲಿಸಲು | ಖರ್ಚಿನ ಅಂಕಿ |
|---|---|---|---|---|
| ಕೈ-ಯಾಗಿ, ಎಸ್‌ಡಿಆರ್ (ಕಂಪ್ಯೂಟರಿಗೆ ಜೋಡಿಸುವ ರೇಡಿಯೋ) | 50 ಡಿಗ್ರಿ ಆಸುಪಾಸು | ಬೆನ್ನಚೀಲ | 5 ನಿಮಿಷ | ಸಾವಿರಗಳಲ್ಲಿ |
| ತಿರುಗದ ಆಂಟೆನಾ | ಇಡೀ ಆಕಾಶ | ಸ್ಕೂಟರ್ | 15 ನಿಮಿಷ | ಸಾವಿರಗಳಲ್ಲಿ |
| ರೋಟೇಟರ್ (ತಿರುಗಿಸುವ ಮೋಟಾರ್) ಮೇಲೆ ಜೋಡಿ ಯಾಗಿ | 40 ಡಿಗ್ರಿ ಆಸುಪಾಸು | ಜೀಪು, ಓಮ್ನಿ | 45–60 ನಿಮಿಷ | ಒಂದೆರಡು ಲಕ್ಷ |
| 2.4 ಮೀ. ಡಿಷ್, ಎಸ್-ಬ್ಯಾಂಡ್ | 4 ಡಿಗ್ರಿ | ಟ್ರೇಲರ್ | ಅರ್ಧ ದಿನ | ಹತ್ತಾರು ಲಕ್ಷ |
| 3.7 ಮೀ. ಡಿಷ್, ಎಕ್ಸ್-ಬ್ಯಾಂಡ್ | 0.7 ಡಿಗ್ರಿ | ಲಾರಿ, ಕ್ರೇನ್ | ಒಂದೆರಡು ದಿನ | ಕೋಟಿಗಳಲ್ಲಿ |

ಕೈ-ಯಾಗಿ

ಇದು ಎಲ್ಲರೂ ಮೊದಲು ಕೊಳ್ಳಬೇಕಾದ್ದು, ಮುಂದೆ ಏನೇ ಕೊಳ್ಳಲಿ. 145 ಮೆಗಾಹರ್ಟ್ಸ್‌ಗೆ ಮೂರು ಕಡ್ಡಿ, 435ಕ್ಕೆ ಏಳು ಕಡ್ಡಿ ಇರುವ ಯಾಗಿ ಒಂದೂವರೆ ಕಿಲೋ ಮೀರುವುದಿಲ್ಲ. ಜೊತೆಗೆ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.825 ಮೆಗಾಹರ್ಟ್ಸ್‌ನ ಡೇಟಾ ಪ್ಯಾಕೆಟ್‌ಗಳು, ಹ್ಯಾಮ್ ಉಪಗ್ರಹಗಳ ಬೀಕನ್‌ಗಳು (ಗುರುತಿನ ಸಿಗ್ನಲ್‌ಗಳು) ಇದರಲ್ಲೇ ಬರುತ್ತವೆ. ಸಿಗ್ನಲ್ ಮಂಕಾದಾಗ ಮಣಿಕಟ್ಟು ತಿರುಗಿಸಿದರೆ ಧ್ರುವೀಕರಣ ಸರಿಹೊಂದುತ್ತದೆ. ಯಾವ ಮೋಟಾರೂ ಅಷ್ಟು ಬೇಗ ಅದನ್ನು ಮಾಡದು. ತೊಂದರೆ ಏನೆಂದರೆ ಏಳನೇ ನಿಮಿಷಕ್ಕೆ ತೋಳು ಸೋಲುತ್ತದೆ, ಮತ್ತು ಪಾಸ್‌ಗಳು ರಾತ್ರಿ ಎರಡಕ್ಕೂ ಬರುತ್ತವೆ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ದಾಖಲಿಸಬೇಕು.

ಇದರ ಇನ್ನೊಂದು ಉಪಯೋಗ ಯಾರೂ ಬರೆಯುವುದಿಲ್ಲ: ಜಾಗ ಪರೀಕ್ಷೆ. ದೊಡ್ಡ ಸಾಮಾನು ಇಳಿಸುವ ಮುನ್ನ ಕೈ-ಯಾಗಿ ಹಿಡಿದು ಸುತ್ತಲೂ ಒಂದು ಸುತ್ತು ತಿರುಗಿ, ಯಾವ ದಿಕ್ಕಿನಲ್ಲಿ ಗದ್ದಲ ಏರುತ್ತದೆ ಎಂದು ಬರೆದುಕೊಳ್ಳಿ. ಪಕ್ಕದ ಕಟ್ಟಡದ ಅಗ್ಗದ ಎಲ್‌ಇಡಿ ದೀಪ, ಸೋಲಾರ್ ಇನ್ವರ್ಟರ್, ಸಿಸಿಟಿವಿಯ ಅಡಾಪ್ಟರ್ ಇವೆಲ್ಲ 435ರ ಸುತ್ತ ಹತ್ತು ಡಿಬಿ ಗದ್ದಲ ಎಬ್ಬಿಸಬಲ್ಲವು. ಐವತ್ತು ಮೀಟರ್ ಆಚೆ ಸರಿದರೆ ಅದೇ ಜಾಗ ನಿಶ್ಶಬ್ದ.

ತಿರುಗದ ಆಂಟೆನಾ

ಕ್ಯೂಎಫ್‌ಎಚ್, ಟರ್ನ್‌ಸ್ಟೈಲ್ ಎಂಬ ಆಂಟೆನಾಗಳು ಇಡೀ ಆಕಾಶವನ್ನು ಒಟ್ಟಿಗೆ ನೋಡುತ್ತವೆ. ಮೋಟಾರಿಲ್ಲ, ಗುರಿಯಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ಗೇನ್ ಮೂರು ಡಿಬಿ ಆಸುಪಾಸು. ಮೇಲಿನ ಉದಾಹರಣೆಯ 12ರ ಬದಲು 3 ಹಾಕಿ ನೋಡಿ: ಒಂಬತ್ತು ಡಿಬಿ ಕಡಿಮೆ, ಅಂದರೆ ಎಂಟು ಪಟ್ಟು. 9,600 ಬಿಟ್‌ನ ಉಪಗ್ರಹ ಕೈಬಿಟ್ಟಿತು, ಆದರೆ 1,200 ಬಿಟ್‌ನದು ಅದೇ ಮಾರ್ಜಿನ್‌ನಲ್ಲಿ ನಿಲ್ಲುತ್ತದೆ. ನಿಧಾನ ಬೀಕನ್, ಲೋರಾ (ನಿಧಾನವಾದರೂ ದೂರ ಮುಟ್ಟುವ ರೇಡಿಯೋ ವಿಧಾನ) ಬಳಸುವ ಪುಟ್ಟ ಉಪಗ್ರಹ, 137.9 ಮೆಗಾಹರ್ಟ್ಸ್‌ನಲ್ಲಿ ಹವಾಮಾನ ಚಿತ್ರ ಕಳಿಸುವ ರಷ್ಯಾದ ಮೆಟಿಯೋರ್-ಎಂ ಸರಣಿ, ಇವಕ್ಕೆ ಇದು ಸಾಕು.

ಇಲ್ಲೊಂದು ಎಚ್ಚರಿಕೆ. ಅಂತರ್ಜಾಲದ ಹಳೆಯ ಮಾರ್ಗದರ್ಶಿಗಳೆಲ್ಲ ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ-15, 18, 19ರ ಚಿತ್ರಗಳಿಂದ ಶುರುವಾಗುತ್ತವೆ. ಆ ಮೂರೂ 2025ರಲ್ಲಿ ಆರಿಹೋದವು. ಅವುಗಳಿಗೆಂದೇ ಆಂಟೆನಾ ಕಟ್ಟಿ ಆಕಾಶ ನೋಡುತ್ತ ಕೂರಬೇಡಿ.

ರೋಟೇಟರ್ ಮೇಲೆ ಜೋಡಿ ಯಾಗಿ

ಕಾಲೇಜು ತಂಡಗಳಿಗೆ ನಾವು ಸೂಚಿಸುವುದು ಇದನ್ನೇ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ, ಒಂದು ಕಿಲೋಗಿಂತ ಹಗುರವಾದ ಸ್ಟುಡ್‌ಸ್ಯಾಟ್‌ಗೆ ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಭೂಕೇಂದ್ರ ಕಟ್ಟಿದ ದಿನಗಳಿಂದಲೂ ವಿದ್ಯಾರ್ಥಿ ಉಪಗ್ರಹಗಳು ಹೆಚ್ಚಾಗಿ ಹ್ಯಾಮ್ ಬ್ಯಾಂಡಿನಲ್ಲೇ ಮಾತಾಡುತ್ತ ಬಂದಿವೆ. ಆ ಬ್ಯಾಂಡಿಗೆ ಇದಕ್ಕಿಂತ ದೊಡ್ಡದು ಬೇಡ.

ಬೇಕಾದ ಸಾಮಾನು: ಆಂಟೆನಾವನ್ನು ದಿಕ್ಕಿಗೂ (ಅಜಿಮತ್) ಎತ್ತರಕ್ಕೂ (ಎಲಿವೇಶನ್) ತಿರುಗಿಸುವ ರೋಟೇಟರ್ ಒಂದು (Yaesu ಕಂಪನಿಯ ಜಿ-5500 ಬಗೆಯದು), ಅಡ್ಡ-ಉದ್ದ ಕಡ್ಡಿಗಳ ಕ್ರಾಸ್ಡ್ ಯಾಗಿ ಎರಡು, ಗಟ್ಟಿ ಟ್ರೈಪಾಡ್, ಎರಡು ಪ್ರಿಆಂಪ್, ಎಸ್‌ಡಿಆರ್, ಲ್ಯಾಪ್‌ಟಾಪ್, 12 ವೋಲ್ಟ್ 100 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ. ಲ್ಯಾಪ್‌ಟಾಪ್, ಎಸ್‌ಡಿಆರ್, ರೋಟೇಟರ್ ಸೇರಿ ಸರಾಸರಿ 110 ವಾಟ್ ಎಳೆದರೂ ಎಂಬತ್ತು ಶೇಕಡಾ ಬಳಕೆಯಲ್ಲಿ ಒಂಬತ್ತು ತಾಸು ನಡೆಯುತ್ತದೆ. ರೋಟೇಟರ್ ಮನೆ ಕರೆಂಟಿನ ಬಗೆಯದಾದರೆ ಶುದ್ಧ ಸೈನ್‌ವೇವ್ ಇನ್ವರ್ಟರೇ ಬೇಕು. ಅಗ್ಗದ ಚೌಕತರಂಗದ್ದು ಮೋಟಾರನ್ನೂ ಬಿಸಿ ಮಾಡುತ್ತದೆ, ರಿಸೀವರಿಗೂ ಗದ್ದಲ ತುಂಬುತ್ತದೆ.

ಎರಡು ಯಾಗಿ ಹಿಡಿಯುವ ಅಡ್ಡಕೋಲು ಫೈಬರ್‌ಗ್ಲಾಸಿನದಾಗಿರಲಿ. ಕಬ್ಬಿಣದ ಪೈಪು ಅಡ್ಡ ಕಡ್ಡಿಗಳ ಸಮತಲದಲ್ಲೇ ಕೂರುವುದರಿಂದ ವೃತ್ತ ಧ್ರುವೀಕರಣ (ಅಲೆ ಸುರುಳಿಯಂತೆ ತಿರುಗುತ್ತ ಸಾಗುವುದು) ಅಂಡಾಕಾರಕ್ಕೆ ತಿರುಗುತ್ತದೆ. ಕ್ರಾಸ್ಡ್ ಯಾಗಿಯ ಎರಡು ಡೈಪೋಲ್‌ಗಳ (ಕೇಬಲ್ ಕೂಡುವ ಕಡ್ಡಿಗಳ) ನಡುವೆ ಕಾಲು ತರಂಗದಷ್ಟು ಹೆಚ್ಚುವರಿ ಕೇಬಲ್ ಇರಬೇಕು. 437ರಲ್ಲಿ ಕಾಲು ತರಂಗ 17.2 ಸೆಂ.ಮೀ., ಆದರೆ ಘನ ಪಾಲಿಥೀನ್ ಕೇಬಲ್‌ನಲ್ಲಿ ಅಲೆ ನಿಧಾನವಾಗುವುದರಿಂದ 0.66ರಿಂದ ಗುಣಿಸಿ 11.3 ಸೆಂ.ಮೀ. ಕತ್ತರಿಸಬೇಕು. 17.2 ಎಂದೇ ಕತ್ತರಿಸಿಟ್ಟ ಕೇಬಲ್‌ಗಳು ಎಷ್ಟೋ ಪ್ರಯೋಗಾಲಯಗಳಲ್ಲಿ ಬಿದ್ದಿವೆ.

ನಿಲ್ಲಿಸುವ ಕ್ರಮ ಹೀಗೆ. ಟ್ರೈಪಾಡ್ ಇಟ್ಟು, ಕಂಬಕ್ಕೆ ಎರಡು ಬದಿಯಲ್ಲಿ ರಸಮಟ್ಟ ಹಿಡಿದು ನೆಟ್ಟಗೆ ಮಾಡಿ. ಕಾಲುಗಳಿಗೆ ಮರಳು ಚೀಲ ಕಟ್ಟಿ, ಗೂಟ ಹೊಡೆದು ಮೂರು ಹಗ್ಗ ಬಿಗಿಯಿರಿ. ರೋಟೇಟರ್ ಕೂರಿಸಿ, ಆಂಟೆನಾ ಹಾಕದೆ ಬರಿದೇ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಷ್ಟು ತಿರುಗಿತೆಂದು ವೋಲ್ಟೇಜಿನಲ್ಲಿ ಹೇಳುವ ಪೊಟೆನ್ಶಿಯೋಮೀಟರ್ ಹೊಂದಿಸಿ. ಕೇಬಲ್ ಉದ್ದ ಬದಲಾದರೆ ವೋಲ್ಟೇಜು ಬದಲಾಗುತ್ತದೆ, ಆದ್ದರಿಂದ ಪ್ರತಿ ಜಾಗದಲ್ಲೂ ಈ ಕೆಲಸ ಮತ್ತೆ ಮಾಡಬೇಕು. ಆಮೇಲೆ ಆಂಟೆನಾ, ಆಮೇಲೆ ಕೇಬಲ್. ಕೇಬಲ್ ಪೂರ್ತಿ ಸುತ್ತಿಗೆ ಸಾಲುವಷ್ಟು ಸಡಿಲವಿರಲಿ. ಕೊನೆಗೆ ಉತ್ತರ ದಿಕ್ಕು ಹೊಂದಿಸಿ. ದಿಕ್ಸೂಚಿಯನ್ನು ವಾಹನದ ಪಕ್ಕ ಹಿಡಿಯಬೇಡಿ, ಕಬ್ಬಿಣ ಅದನ್ನು ಹತ್ತು ಡಿಗ್ರಿ ತಿರುಗಿಸಬಲ್ಲದು. ಬಿಸಿಲಿದ್ದರೆ ಇದಕ್ಕಿಂತ ಸುಲಭದ ದಾರಿಯಿದೆ: ಜಿಪ್ರೆಡಿಕ್ಟ್‌ನಂಥ ತಂತ್ರಾಂಶದಲ್ಲಿ ಆ ಕ್ಷಣದ ಸೂರ್ಯನ ಅಜಿಮತ್ ನೋಡಿ, ಬೂಮ್‌ನ (ಯಾಗಿಯ ನಡುಕೋಲಿನ) ನೆರಳು ನೆಲದ ಮೇಲೆ ಕಂಬದ ನೆರಳಿನ ಸಾಲಿಗೇ ಬರುವಂತೆ ತಿರುಗಿಸಿ, ಆ ಅಂಕಿಯನ್ನೇ ರೋಟೇಟರಿಗೆ ಹೇಳಿ. ಒಂದೆರಡು ಡಿಗ್ರಿಯೊಳಗೆ ಬರುತ್ತದೆ, 40 ಡಿಗ್ರಿ ಬೀಮ್‌ಗೆ ಅಷ್ಟು ಸಾಕೋ ಸಾಕು.

ಈ ಬಗೆಯ ರೋಟೇಟರ್ ಒಂದು ಸುತ್ತಿಗೆ ಸುಮಾರು ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಸೆಕೆಂಡಿಗೆ ಆರು ಡಿಗ್ರಿ. 80 ಡಿಗ್ರಿ ಎತ್ತರದ ಪಾಸ್‌ನಲ್ಲಿ ಅಜಿಮತ್ ಸೆಕೆಂಡಿಗೆ ಐದು ಡಿಗ್ರಿ ಓಡುತ್ತದೆ, 85ರಲ್ಲಿ ಹತ್ತು. ಅಲ್ಲಿ ಮೋಟಾರ್ ಹಿಂದೆ ಬೀಳುವುದು ಖಚಿತ, ಆದರೆ ಅಗಲ ಬೀಮ್‌ ಅದನ್ನು ಗಮನಿಸುವುದೂ ಇಲ್ಲ. ನಿಜವಾದ ಕಾಟ ತಡೆಗೋಡೆಯದು. ಧ್ರುವ ಕಕ್ಷೆಯ ಉಪಗ್ರಹ ಉತ್ತರದ ಆಸುಪಾಸಿನಲ್ಲಿ ಹುಟ್ಟಿ ದಕ್ಷಿಣದಲ್ಲಿ ಮುಳುಗುತ್ತದೆ, ಇಲ್ಲವೇ ತಿರುಗುಮುರುಗಾಗಿ. 355 ಡಿಗ್ರಿಯಲ್ಲಿ ಹುಟ್ಟಿ ಪೂರ್ವದ ಕಡೆ ವಾಲಿದರೆ ರೋಟೇಟರ್ 360ರ ಗೋಡೆಗೆ ಬಡಿದು, ಇಡೀ ಸುತ್ತು ಹಿಂದೆ ಬಂದು ಸೊನ್ನೆಯಿಂದ ಶುರುಮಾಡುತ್ತದೆ. ಪಾಸ್‌ನ ಒಂದು ನಿಮಿಷ ಹೋಯಿತು. 450 ಡಿಗ್ರಿವರೆಗೆ ತಿರುಗುವ ರೋಟೇಟರ್ ಕೊಂಡು, ತಂತ್ರಾಂಶದಲ್ಲೂ 450 ಎಂದೇ ನಮೂದಿಸಿ. ಎರಡನೆಯದನ್ನು ಮರೆಯುವವರೇ ಹೆಚ್ಚು.

ಆಜ್ಞೆ ಕಳಿಸುವ ಕೆಲಸವೂ ಇದ್ದರೆ ಇನ್ನೊಂದು ಹಳ್ಳ ಕಾದಿದೆ. 145.8ರಲ್ಲಿ ಪ್ರಸಾರ ಮಾಡಿ 437ರಲ್ಲಿ ಕೇಳುವುದು ವಾಡಿಕೆ. 145.8ನ್ನು ಮೂರರಿಂದ ಗುಣಿಸಿ: 437.4. ನಿಮ್ಮದೇ ಟ್ರಾನ್ಸ್‌ಮಿಟರಿನ ಮೂರನೇ ಹಾರ್ಮೋನಿಕ್ ನಿಮ್ಮದೇ ಪ್ರಿಆಂಪ್ ಕಿವುಡು ಮಾಡುತ್ತದೆ. ಮೈಕ್ ಒತ್ತಿದೊಡನೆ ಉಪಗ್ರಹ ಮಾಯವಾದರೆ ಕಾರಣ ಇದೇ. ಟ್ರಾನ್ಸ್‌ಮಿಟರ್ ಬಾಯಿಗೆ ಲೋ-ಪಾಸ್ ಫಿಲ್ಟರ್, 437ರ ಪ್ರಿಆಂಪ್ ಮುಂದೆ ಬ್ಯಾಂಡ್-ಪಾಸ್ ಫಿಲ್ಟರ್, ಎರಡೂ ಬೇಕು. ಒಂದೇ ಬ್ಯಾಂಡಿನಲ್ಲಿ ಕಳಿಸಿ ಕೇಳುವುದಾದರೆ ಕಳಿಸುವ ಹೊತ್ತಿಗೆ ಪ್ರಿಆಂಪನ್ನು ಬೇರ್ಪಡಿಸುವ ಸೀಕ್ವೆನ್ಸರ್ ಇಲ್ಲದೆ ಪ್ರಿಆಂಪ್ ಸುಟ್ಟುಹೋಗುತ್ತದೆ.

ಡಾಪ್ಲರ್, ಅಂದರೆ ಉಪಗ್ರಹದ ಓಟದಿಂದ ಆವರ್ತನ ಸರಿಯುವುದು, 437ರಲ್ಲಿ ಹೆಚ್ಚೆಂದರೆ ಹತ್ತು ಕಿಲೋಹರ್ಟ್ಸ್ ಆಚೀಚೆ. ತಂತ್ರಾಂಶ ತಾನೇ ನೋಡಿಕೊಳ್ಳುತ್ತದೆ. ಆದರೂ ಡಿಕೋಡ್ ಆದದ್ದನ್ನಷ್ಟೇ ಉಳಿಸಬೇಡಿ, ಕಚ್ಚಾ ಐಕ್ಯೂ ದಾಖಲೆಯನ್ನೂ, ಅಂದರೆ ಐ ಮತ್ತು ಕ್ಯೂ ಎಂಬ ಎರಡು ಭಾಗಗಳಲ್ಲಿ ಬರುವ ಮೂಲ ಸಿಗ್ನಲ್ಲನ್ನೂ, ಬರೆದಿಡಿ. ಸೆಕೆಂಡಿಗೆ ಎರಡೂವರೆ ಲಕ್ಷ ಮಾದರಿ, ಐ-ಕ್ಯೂ ಎರಡಕ್ಕೂ 8 ಬಿಟ್‌ನಂತೆ ಹತ್ತು ನಿಮಿಷಕ್ಕೆ 300 ಮೆಗಾಬೈಟ್ ಮಾತ್ರ. ಆವರ್ತನ ತಪ್ಪಿದ್ದರೂ, ಡಿಕೋಡರ್‌ನ ಸೆಟ್ಟಿಂಗ್ ತಪ್ಪಿದ್ದರೂ ಮನೆಗೆ ಬಂದು ಮತ್ತೆ ಪ್ರಯತ್ನಿಸಬಹುದು. ಪಾಸ್ ಮಾತ್ರ ಮತ್ತೆ ಬರದು.

ಎಸ್-ಬ್ಯಾಂಡ್ ಡಿಷ್

2,200ರಿಂದ 2,290 ಮೆಗಾಹರ್ಟ್ಸ್ ನಡುವೆ ಟೆಲಿಮೆಟ್ರಿ ಕಳಿಸುವ ಉಪಗ್ರಹಗಳಿಗೆ 1.2ರಿಂದ 2.4 ಮೀಟರ್ ಡಿಷ್. 2.4 ಮೀಟರಿನದು 32 ಡಿಬಿ ಗೇನ್ ಕೊಡುತ್ತದೆ, ಬೀಮ್ ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಇಲ್ಲಿಂದ ಮುಂದೆ ಅಂದಾಜಿನ ಆಟ ಮುಗಿಯಿತು. ರಸಮಟ್ಟ ಅರ್ಧ ಡಿಗ್ರಿಯೊಳಗಿರಬೇಕು, ಉತ್ತರ ದಿಕ್ಕೂ ಅಷ್ಟೇ.

ಖರ್ಚು ಉಳಿಸುವ ಒಂದು ದಾರಿ ನಮ್ಮೂರುಗಳಲ್ಲೇ ಇದೆ. ಕೇಬಲ್ ಟಿವಿಯವರು ಮಾಳಿಗೆಯ ಮೇಲೆ ಬಿಟ್ಟುಹೋದ ಎಂಟು ಅಡಿಯ ಜಾಲರಿ ಡಿಷ್ ಅಂದರೆ ಸರಿಯಾಗಿ 2.4 ಮೀಟರ್. ಸಿ-ಬ್ಯಾಂಡಿಗೆ ಮಾಡಿದ ಜಾಲರಿ ಎಸ್-ಬ್ಯಾಂಡಿಗೆ ಧಾರಾಳ. ರಂಧ್ರ ತರಂಗದ ಹತ್ತನೇ ಒಂದರೊಳಗಿದ್ದರಾಯಿತು, ಇಲ್ಲಿ ಅದು 13 ಮಿ.ಮೀ. ಗಾಳಿಯ ಒತ್ತಡವೂ ಗಟ್ಟಿ ಡಿಷ್‌ಗಿಂತ ಕಡಿಮೆ. ಬಿಚ್ಚುವ ಮುನ್ನ ಪ್ರತಿ ದಳಕ್ಕೂ ಸಂಖ್ಯೆ ಬರೆದುಕೊಳ್ಳಿ. ದಳ ಅದಲು ಬದಲಾದರೆ ಬೋಲ್ಟು ಬಲವಂತಕ್ಕೆ ಕೂರುತ್ತದೆ, ಆಕಾರ ಸೊಟ್ಟಗಾಗಿ ಗೇನ್ ಸದ್ದಿಲ್ಲದೆ ಸೋರುತ್ತದೆ.

ಡಿಷ್ ಕಟ್ಟುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಫೀಡ್‌ನ (ಡಿಷ್ ಮುಂದೆ ನಿಂತು ಸಿಗ್ನಲ್ ಹಿಡಿಯುವ ಪುಟ್ಟ ಆಂಟೆನಾದ) ಸುತ್ತಿನದು. ಉಪಗ್ರಹ ಬಲವೃತ್ತ ಧ್ರುವೀಕರಣದಲ್ಲಿ ಕಳಿಸುತ್ತದೆ. ಡಿಷ್‌ಗೆ ಬಡಿದು ಪ್ರತಿಫಲಿಸಿದಾಗ ಅದು ಎಡವೃತ್ತವಾಗುತ್ತದೆ, ಕನ್ನಡಿಯಲ್ಲಿ ಬಲಗೈ ಎಡಗೈ ಆದಂತೆ. ಆದ್ದರಿಂದ ಹೆಲಿಕ್ಸ್ (ಸುರುಳಿ) ಫೀಡನ್ನು ಎಡಕ್ಕೆ ಸುತ್ತಬೇಕು. ಬಲಕ್ಕೆ ಸುತ್ತಿದರೆ ಹದಿನೈದಿಪ್ಪತ್ತು ಡಿಬಿ ಹೋಗುತ್ತದೆ, ಮತ್ತು ಉಳಿದೆಲ್ಲ ಸರಿಯಾಗಿಯೇ ಕಾಣುತ್ತದೆ. ಸೂರ್ಯನ ಗದ್ದಲ ಕೂಡ ಸರಿಯಾಗೇ ಬರುತ್ತದೆ, ಯಾಕೆಂದರೆ ಸೂರ್ಯನಿಗೆ ಧ್ರುವೀಕರಣದ ಹಂಗಿಲ್ಲ. ವಾರಗಟ್ಟಲೆ ಪ್ರಿಆಂಪ್ ಮೇಲೆ ಅನುಮಾನ ಪಡುವ ಮುನ್ನ ಸುರುಳಿಯನ್ನೊಮ್ಮೆ ನೋಡಿ.

ಇನ್ನೊಂದು ನಮ್ಮ ದೇಶದ್ದೇ ಸಮಸ್ಯೆ. ಇಲ್ಲಿನ 4ಜಿ ಜಾಲಗಳು 2,300 ಮೆಗಾಹರ್ಟ್ಸ್ ಮೇಲೆ ನಡೆಯುತ್ತವೆ, ಟೆಲಿಮೆಟ್ರಿ ಪಟ್ಟಿ ಮುಗಿಯುವುದು 2,290ಕ್ಕೆ. ಊರ ಟವರ್ ಕಣ್ಣಿಗೆ ಕಾಣುವ ದೂರದಲ್ಲಿದ್ದರೆ ಪ್ರಿಆಂಪ್ ತುಂಬಿ ತುಳುಕುತ್ತದೆ. ಗದ್ದಲದ ನೆಲಮಟ್ಟ ಏರಿಳಿಯುತ್ತ ಇಲ್ಲದ ಸಿಗ್ನಲ್‌ಗಳು ಕಾಣಿಸುತ್ತವೆ. ವಿದೇಶದ ಮಾರ್ಗದರ್ಶಿ ನೋಡಿ ಬರೀ ಪ್ರಿಆಂಪ್ ತರಿಸಿದರೆ ಸಾಲದು. ಫೀಡ್‌ಗೂ ಪ್ರಿಆಂಪ್‌ಗೂ ನಡುವೆ ಬೇಡದ ಆವರ್ತನ ತಡೆಯುವ, ಅರ್ಧ ಡಿಬಿಯಷ್ಟೇ ನಷ್ಟದ ಕ್ಯಾವಿಟಿ ಫಿಲ್ಟರ್ ಹಾಕಿ. ಎರಡು ಡಿಬಿ ನುಂಗುವ ಸಣ್ಣ ಸಾ (SAW) ಫಿಲ್ಟರನ್ನು ಅಲ್ಲಿ ಹಾಕುವುದಾದರೆ ಅದರ ಬದಲು ಟವರ್‌ನಿಂದ ದೂರ ಹೋಗುವುದು ಲೇಸು. ಸಾಗಿಸಬಹುದಾದ ಕೇಂದ್ರ ಇರುವುದು ಅದಕ್ಕೇ ತಾನೆ.

ಗಾಳಿ. 2.4 ಮೀಟರಿನ ಗಟ್ಟಿ ಡಿಷ್ ಮೇಲೆ ತಾಸಿಗೆ 60 ಕಿ.ಮೀ. ಗಾಳಿ ಎದುರಾಗಿ ಬೀಸಿದರೆ ಸುಮಾರು 110 ಕಿಲೋ ತೂಕದಷ್ಟು ನೂಕು, 100 ಕಿ.ಮೀ. ಆದರೆ 300 ದಾಟುತ್ತದೆ. ನೆಲದಿಂದ ಮೂರು ಮೀಟರ್ ಎತ್ತರದಲ್ಲಿ ಆ ನೂಕು ಇದೆ ಎಂದರೆ ಟ್ರೇಲರಿನ ಹೊರಚಾಚು ಕಾಲುಗಳು ಎಷ್ಟು ಅಗಲವಿರಬೇಕೆಂದು ನೀವೇ ಲೆಕ್ಕ ಹಾಕಿ. ಮಳೆಗಾಲದ ಮುಂಚಿನ ಬಿರುಗಾಳಿ ಹೇಳಿ ಬರುವುದಿಲ್ಲ, ಆದ್ದರಿಂದ ಗಾಳಿ 40 ದಾಟಿದೊಡನೆ ಡಿಷ್ ತಾನಾಗಿ ಆಕಾಶಕ್ಕೆ ಮುಖ ಮಾಡಿ ನಿಲ್ಲುವಂತೆ ಏರ್ಪಾಡಿರಲಿ. ಧಾರವಾಡ, ಗದಗ, ವಿಜಯಪುರದ ಎರೆಭೂಮಿಯಲ್ಲಿ ಜಾಕ್ ಕೆಳಗೆ ಅಗಲವಾದ ಹಲಗೆ ಹಾಕದೆ ನಿಲ್ಲಿಸಿದರೆ ಒಂದು ಹದ ಮಳೆಗೆ ಒಂದು ಕಾಲು ಇಳಿಯುತ್ತದೆ. ಬೆಳಗಿನ ಪಾಸ್‌ಗೆ ಎರಡು ಡಿಗ್ರಿ ತಪ್ಪು, ನಾಲ್ಕು ಡಿಗ್ರಿ ಬೀಮ್‌ನ ಅಂಚಿಗೆ ಬಂದಿರುತ್ತೀರಿ.

ಎಕ್ಸ್-ಬ್ಯಾಂಡ್, ಲಾರಿ ಮೇಲೆ

3.7 ಮೀಟರ್ ಡಿಷ್ 8.2 ಗಿಗಾಹರ್ಟ್ಸ್‌ನಲ್ಲಿ 47 ಡಿಬಿ ಕೊಡುತ್ತದೆ, 0.7 ಡಿಗ್ರಿ ಬೀಮ್‌ನೊಂದಿಗೆ. ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ಉಪಗ್ರಹ 7.6 ಕಿ.ಮೀ. ಸರಿದಿರುತ್ತದೆ, ನೆತ್ತಿಯ ಮೇಲೆ ಅದು 0.87 ಡಿಗ್ರಿ. ಅಂದರೆ ಯಾಗಿಗೆ ಲೆಕ್ಕಕ್ಕೇ ಬಾರದ ಆ ಒಂದು ಸೆಕೆಂಡು ಇಲ್ಲಿ ಸಿಗ್ನಲ್ಲನ್ನೇ ಕಳೆಯುತ್ತದೆ. ಜಿಪಿಎಸ್‌ನಿಂದ ಸಮಯ ತೆಗೆದುಕೊಳ್ಳದ ಕೇಂದ್ರ ಇಲ್ಲಿ ಕೆಲಸಕ್ಕೆ ಬಾರದು. ಹಳೆಯ ಟಿಎಲ್‌ಇಯೂ (ಉಪಗ್ರಹದ ಕಕ್ಷೆ ಹೇಳುವ ಅಂಕಿಗಳ ಸಾಲು) ಅಷ್ಟೇ.

ಕೊಳ್ಳುವಾಗ ಕೇಳಬೇಕಾದ್ದು ಎರಡು. ನೆತ್ತಿಯ ಪಾಸ್‌ಗೆ ಏನು ಉಪಾಯ? ಅಜಿಮತ್-ಎಲಿವೇಶನ್ ಎಂಬ ಎರಡೇ ಅಕ್ಷದ ಮೌಂಟ್ (ಡಿಷ್ ಹೊತ್ತು ತಿರುಗಿಸುವ ಬುಡ) ಆದರೆ ಅಲ್ಲಿ ಸಿಗ್ನಲ್ ಕೈತಪ್ಪುತ್ತದೆ. ಮೂರನೇ ವಾಲುವ ಅಕ್ಷ ಬೇಕು, ಇಲ್ಲವೇ ಎಕ್ಸ್-ವೈ ಮೌಂಟ್, ಅದರ ಕುರುಡು ಬಿಂದು ದಿಗಂತದಲ್ಲಿರುತ್ತದೆ. ಸ್ವಯಂ ಹಿಂಬಾಲಿಕೆ ಹೇಗೆ? ಕಕ್ಷೆಯ ಲೆಕ್ಕ ನಂಬಿ ತಿರುಗುವುದು ಒಂದು ಬಗೆ, ಸಿಗ್ನಲ್ ನೋಡಿಯೇ ಗುರಿ ತಿದ್ದಿಕೊಳ್ಳುವ ಮಾನೋಪಲ್ಸ್ ಇನ್ನೊಂದು. ರಾಕೆಟ್ ಹಿಡಿಯುವವರಿಗೆ ಎರಡನೆಯದು ಕಡ್ಡಾಯ, ಯಾಕೆಂದರೆ ರಾಕೆಟ್‌ಗೆ ಟಿಎಲ್‌ಇ ಇಲ್ಲ, ಮತ್ತು ದಾರಿ ತಪ್ಪಿದ ಹೊತ್ತಿನಲ್ಲೇ ಅದರ ಟೆಲಿಮೆಟ್ರಿ ಎಲ್ಲಕ್ಕಿಂತ ಮುಖ್ಯ. ಅವರು ಎಡ-ಬಲ ಎರಡೂ ಧ್ರುವೀಕರಣ ಹಿಡಿದು ಕೂಡಿಸುವ ರಿಸೀವರನ್ನೂ ಕೇಳಬೇಕು.

ಕ್ಯಾಮೆರಾ ಉಪಗ್ರಹವೊಂದೇ ಇರುವ ಸಂಸ್ಥೆ ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಮೆಜಾನ್‌ನಂಥವರು ನಿಮಿಷಕ್ಕಿಷ್ಟು ಎಂದು ಬಾಡಿಗೆಗೆ ಕೊಡುತ್ತಾರೆ, ಅವರ ಡಿಷ್ ಸ್ಥಿರ ಜಾಗದಲ್ಲಿ ಇರುತ್ತದೆ, ನಿಮ್ಮ ಮಾಹಿತಿ ತಂತಿಯಲ್ಲಿ ಬರುತ್ತದೆ. ಚಿತ್ರ ಪ್ರವಾಹದ ಊರಿನಲ್ಲೇ, ಇಂಟರ್ನೆಟ್ ಕಡಿದಾಗಲೂ, ಆಗಲೇ ಬೇಕು ಎನ್ನುವವರಿಗೆ ಮಾತ್ರ ಲಾರಿಯ ಖರ್ಚು ಹುಟ್ಟುತ್ತದೆ. ಹ್ಯಾಮ್ ಬ್ಯಾಂಡಿನವರಿಗಂತೂ ಸ್ಯಾಟ್‌ನಾಗ್ಸ್ ಜಾಲದ ಸ್ವಯಂಸೇವಕ ಕೇಂದ್ರಗಳು ಪುಕ್ಕಟೆಯಾಗಿ ಕೇಳಿಸಿಕೊಡುತ್ತವೆ, ಆದರೆ ಅವು ಕೇಳುವುದಕ್ಕೆ ಮಾತ್ರ. ಆಜ್ಞೆ ಕಳಿಸಲು ಒಂದು ಸ್ವಂತ ಕೇಂದ್ರ ಹೇಗೂ ಬೇಕು.

ಪ್ರಸಾರ ಮಾಡುವುದಾದರೆ ಪರವಾನಗಿ ಕಡ್ಡಾಯ: ಹ್ಯಾಮ್ ಬ್ಯಾಂಡಿಗೆ ದೂರಸಂಪರ್ಕ ಇಲಾಖೆಯ ಆವರ್ತನ ವಿಭಾಗವಾದ ಡಬ್ಲ್ಯುಪಿಸಿ ಕೊಡುವ ಹವ್ಯಾಸಿ ಪರವಾನಗಿ, ವಾಣಿಜ್ಯ ಉಪಗ್ರಹ ನಿಯಂತ್ರಿಸುವ ಭೂಕೇಂದ್ರಕ್ಕೆ ಖಾಸಗಿ ಬಾಹ್ಯಾಕಾಶ ಕೆಲಸಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ನ ಅನುಮತಿಯೂ ಆವರ್ತನದ ಹಂಚಿಕೆಯೂ. ಈ ಕಡತದ ಕೆಲಸ ಆಂಟೆನಾ ಆರ್ಡರ್‌ಗೂ ಮೊದಲು ಶುರುವಾಗಲಿ. ಜಾಗ ಬದಲಿಸಿದಾಗಲೆಲ್ಲ ಪರವಾನಗಿಯಲ್ಲಿ ಯಾವ ಜಾಗ ಬರೆದಿದೆ ಎಂದು ನೋಡಿ, ಜಮೀನಿನ ಒಡೆಯರ ಒಪ್ಪಿಗೆ ಪತ್ರವನ್ನೂ ಸ್ಥಳೀಯ ಠಾಣೆಗೆ ಕೊಟ್ಟ ಪತ್ರದ ಪ್ರತಿಯನ್ನೂ ಗಾಡಿಯಲ್ಲಿ ಇಟ್ಟುಕೊಳ್ಳಿ. ಆಕಾಶಕ್ಕೆ ಏನೋ ತಿರುಗಿಸುತ್ತಿರುವವರನ್ನು ಕಂಡು ಊರವರು ವಿಚಾರಿಸಿಯೇ ವಿಚಾರಿಸುತ್ತಾರೆ.

ಬಿಚ್ಚಿ ಇಡುವಾಗ

ಮೂರನೇ ನಾಲ್ಕನೇ ಪ್ರಯಾಣದಲ್ಲಿ ಕೈಕೊಡುವುದು ಸಾಮಾನ್ಯವಾಗಿ ಕನೆಕ್ಟರ್. ಎನ್ ಕನೆಕ್ಟರಿನೊಳಗೆ ಹನಿ ನೀರು ಇಳಿದರೆ ಕೇಬಲ್ ಮೀಟರ್‌ಗಟ್ಟಲೆ ಅದನ್ನು ಹೀರುತ್ತದೆ, ಒಣಗಿಸಿ ಉಪಯೋಗವಿಲ್ಲ, ಕತ್ತರಿಸಿ ಎಸೆಯಬೇಕು. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ ಸುತ್ತಿ, ಮೇಲೆ ಮಾಮೂಲಿ ಪಿವಿಸಿ ಟೇಪು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದಂತೆ. ಬಿಚ್ಚಿದ ಮೇಲೆ ಪ್ರತಿ ಬಾಯಿಗೂ ಮುಚ್ಚಳ ಹಾಕಿ. ಫೀಡ್ ಹಾರ್ನಿಗೆ ತೆಳು ಪ್ಲಾಸ್ಟಿಕ್ ಕಟ್ಟದೆ ಎರಡು ವಾರ ಬಿಟ್ಟರೆ ಕಣಜ ಅದರೊಳಗೆ ಮಣ್ಣಿನ ಮನೆ ಕಟ್ಟಿರುತ್ತದೆ. ಹಸಿ ಮಣ್ಣು ಎಸ್-ಬ್ಯಾಂಡ್ ಸಿಗ್ನಲ್ ನುಂಗುವುದರಲ್ಲಿ ಆರ್‌ಜಿ-58ನ್ನೂ ಮೀರಿಸುತ್ತದೆ.

ಗಾಡಿ ಹೊರಡುವ ಮುನ್ನ ಪ್ರಿಆಂಪ್‌ನ ಕರೆಂಟ್ ಅಳೆದು ಪೆಟ್ಟಿಗೆಯ ಮೇಲೆ ತಾರೀಕಿನ ಜೊತೆ ಬರೆದಿಡಿ, ಸೂರ್ಯನ ಕಡೆ ತಿರುಗಿಸಿದಾಗ ಗದ್ದಲ ಎಷ್ಟು ಡಿಬಿ ಏರಿತೆಂಬುದನ್ನೂ. ಮುಂದಿನ ಊರಿನಲ್ಲಿ ಇಳಿಸಿದಾಗ ಈ ಎರಡು ಅಂಕಿ ಹೊಂದಿದರೆ ಕೇಂದ್ರ ದಾರಿಯಲ್ಲಿ ಕೆಟ್ಟಿಲ್ಲ. ಹೊಂದದಿದ್ದರೆ ಪಾಸ್‌ಗೆ ಇನ್ನೂ ಒಂದು ತಾಸು ಇರುವಾಗಲೇ ಗೊತ್ತಾಗಿರುತ್ತದೆ.